ಕುಲಾಂತರಿ ಹತ್ತಿ ಮತ್ತು ರೈತರ ಆಯ್ಕೆ

ಹೊಸ ಬೀಜವೊಂದು ಬಂದಾಗ ಕೆಲವು ರೈತರು ಅದನ್ನು ಆ ವರ್ಷವೇ ಬಿತ್ತುತ್ತಾರೆ. ಕೆಲವರು ಪಕ್ಕದ ಹೊಲದಲ್ಲಿ ಏನಾಗುತ್ತದೆಂದು ಕಾದು ನೋಡುತ್ತಾರೆ. ಇನ್ನು ಕೆಲವರು ತಮಗೆ ಬೇಡವೆನ್ನುತ್ತಾರೆ. ಹೀಗೇಕೆ? ಕುಲಾಂತರಿ ಬೆಳೆಗಳ ಮಾತು ಬಂದಾಗ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳನ್ನು ನೀವು ಕೇಳಿರಬಹುದು. ಬೀಜವನ್ನು ಸ್ವೀಕರಿಸಿದವರು ಪ್ರಗತಿಪರರು, ಬಿಟ್ಟವರು ತಿಳಿವಳಿಕೆ ಇಲ್ಲದವರು ಎಂಬುದು ಒಂದು. ಸ್ವೀಕರಿಸಿದವರು ಕಂಪನಿಗಳ ಪ್ರಚಾರಕ್ಕೆ ಮರುಳಾದವರು, ಬಿಟ್ಟವರು ಎಚ್ಚೆತ್ತವರು ಎಂಬುದು ಇನ್ನೊಂದು. ಎರಡೂ ಉತ್ತರಗಳು ಸುಲಭ. ಆದರೆ ಭಾರತದಲ್ಲಿ ಬಿಟಿ ಹತ್ತಿ ನಡೆದು ಬಂದ ದಾರಿಯನ್ನು ನೋಡಿದರೆ ಎರಡೂ ಸಾಲವು ಎಂಬುದು ಸ್ಪಷ್ಟವಾಗುತ್ತದೆ. ಆ ದಾರಿಯನ್ನು ಒಮ್ಮೆ ನೋಡೋಣ.

ಅಯೋವಾದ ಪಾಠ

ರೈತರು ಹೊಸ ಬೀಜವನ್ನು ಹೇಗೆ ಸ್ವೀಕರಿಸುತ್ತಾರೆ ಎಂಬುದರ ಬಗ್ಗೆ ನಡೆದ ಹೆಸರಾಂತ ಅಧ್ಯಯನ ಕುಲಾಂತರಿ ಬೆಳೆಗಳಿಗಿಂತ ಬಹಳ ಹಳೆಯದು. ಅಮೆರಿಕದ ಅಯೋವಾ ರಾಜ್ಯದಲ್ಲಿ 1920ರ ದಶಕದ ಕೊನೆಯಲ್ಲಿ ಹೈಬ್ರಿಡ್ ಮೆಕ್ಕೆಜೋಳ ಬಂದಿತು. ಇಳುವರಿ ಹೆಚ್ಚು, ಗಿಡ ಗಟ್ಟಿ. ಆದರೆ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜ ವಿಜ್ಞಾನಿಗಳು ಎರಡು ಊರುಗಳ 259 ರೈತರನ್ನು ಮಾತನಾಡಿಸಿ 1943ರಲ್ಲಿ ವರದಿ ಪ್ರಕಟಿಸಿದರು. 1941ರ ವೇಳೆಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಹೈಬ್ರಿಡ್‌ಗೆ ಬದಲಾಗಿದ್ದರು. ಆದರೆ ಹೆಚ್ಚಿನವರು ಒಮ್ಮೆಲೇ ಇಡೀ ಹೊಲಕ್ಕೆ ಬಿತ್ತಿರಲಿಲ್ಲ. ಮೊದಲು ಒಂದು ತುಂಡು ಹೊಲ, ಮರುವರ್ಷ ಇನ್ನಷ್ಟು. ಬೀಜದ ಸುದ್ದಿಯನ್ನು ಮೊದಲು ಮುಟ್ಟಿಸಿದವರು ಹೆಚ್ಚಾಗಿ ಬೀಜ ಮಾರುವವರು. ಕೊನೆಗೆ ಮನಸ್ಸು ಒಪ್ಪಿಸಿದವರು ನೆರೆಹೊರೆಯ ರೈತರು.

ವರ್ಷಗಳನ್ನು ಅಡ್ಡ ಅಕ್ಷದಲ್ಲಿಯೂ ಸ್ವೀಕರಿಸಿದವರ ಒಟ್ಟು ಸಂಖ್ಯೆಯನ್ನು ಲಂಬ ಅಕ್ಷದಲ್ಲಿಯೂ ಇಟ್ಟು ನಕ್ಷೆ ಬರೆದರೆ, ಅದು ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಕಾಣುತ್ತದೆ. ಮೊದಲು ನಿಧಾನ, ನಡುವೆ ವೇಗ, ಕೊನೆಗೆ ಮತ್ತೆ ನಿಧಾನ. 1957ರಲ್ಲಿ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ ಇದೇ ಮೆಕ್ಕೆಜೋಳದ ಅಂಕಿಅಂಶಗಳನ್ನು ಪರಿಶೀಲಿಸಿ, ಎಲ್ಲಿ ಲಾಭ ಹೆಚ್ಚೋ ಅಲ್ಲಿ ಈ ರೇಖೆ ಕಡಿದಾಗಿ ಏರುತ್ತದೆಂದು ತೋರಿಸಿದರು.

ಇದರಿಂದ ಒಂದು ಮಾತನ್ನು ನೆನಪಿಟ್ಟುಕೊಳ್ಳೋಣ. ರೈತರು ಮಾಡುವುದೂ ಒಂದು ಬಗೆಯ ಪ್ರಯೋಗವೇ. ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಲು ಸಾಧ್ಯವಿರಬೇಕು, ಫಲಿತಾಂಶ ತಮ್ಮ ಹೊಲದಲ್ಲೇ ಆ ಹಂಗಾಮಿನಲ್ಲೇ ಕಣ್ಣಿಗೆ ಕಾಣಬೇಕು, ಸರಿಬಾರದಿದ್ದರೆ ಹಿಂದಿರುಗುವ ದಾರಿ ಇರಬೇಕು. ಈ ಮೂರೂ ಇದ್ದಾಗ ರೈತರ ತೀರ್ಮಾನ ಸಾಮಾನ್ಯವಾಗಿ ತಪ್ಪುವುದಿಲ್ಲ. ಇಲ್ಲದಿದ್ದಾಗ ಏನಾಗುತ್ತದೆ? ಅದಕ್ಕೆ ಉತ್ತರ ಮುಂದೆ ಸಿಗುತ್ತದೆ.

ನಮ್ಮ ನೆಲಕ್ಕೆ ಹೊಸ ಹತ್ತಿ ಹೊಸದಲ್ಲ

ಹೊರಗಿನ ಹತ್ತಿಯನ್ನು ಬೆಳೆದು ನೋಡಿದ ಅನುಭವ ಉತ್ತರ ಕರ್ನಾಟಕದ ರೈತರಿಗೆ ಬಹಳ ಹಿಂದಿನಿಂದಲೂ ಇದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯನ್ನು 1840ರ ದಶಕದಲ್ಲಿ ಭಾರತದ ಹಲವೆಡೆ ಬೆಳೆಸಲು ಈಸ್ಟ್ ಇಂಡಿಯಾ ಕಂಪನಿ ಪ್ರಯತ್ನಿಸಿದಾಗ, ಅದು ನೆಲೆಯೂರಿದ ಕೆಲವೇ ಸ್ಥಳಗಳಲ್ಲಿ ಧಾರವಾಡ ಪ್ರಾಂತ ಮುಖ್ಯವಾದುದು. ‘ಧಾರವಾಡ ಅಮೆರಿಕನ್’ ಎಂಬ ಹೆಸರು ಹತ್ತಿ ವ್ಯಾಪಾರದಲ್ಲಿ ಬಂದದ್ದು ಹೀಗೆ. ಅದರ ಜೊತೆಗೆ ಜಯಧರದಂಥ ದೇಶಿ ತಳಿಗಳೂ ಎರೆಹೊಲಗಳಲ್ಲಿ ಉಳಿದುಕೊಂಡವು. ದೇಶಿ ಹತ್ತಿಯ ಎಳೆ ಗಿಡ್ಡ, ಆದರೆ ಅದು ಬರವನ್ನೂ ರಸ ಹೀರುವ ಕೀಟಗಳನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ದೊಡ್ಡ ಬದಲಾವಣೆ ಬಂದದ್ದು 1970ರ ದಶಕದಲ್ಲಿ. ಸೂರತ್‌ನಲ್ಲಿ ಸಿ. ಟಿ. ಪಟೇಲ್ ಅವರು ಎಚ್-4 ಎಂಬ ಹೈಬ್ರಿಡ್ ಹತ್ತಿಯನ್ನು 1970ರಲ್ಲಿ ಬಿಡುಗಡೆ ಮಾಡಿದರು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು ಎರಡು ಬೇರೆ ಬೇರೆ ಪ್ರಭೇದಗಳನ್ನು ಸಂಕರಿಸಿ ‘ವರಲಕ್ಷ್ಮಿ’ಯನ್ನು ರೂಪಿಸಿದರು. ಅನಂತರ ಇಲ್ಲಿಂದಲೇ ಡಿಸಿಎಚ್-32 ಬಂದಿತು. ಉದ್ದ ಎಳೆಯ ಈ ಹತ್ತಿಗೆ ಗಿರಣಿಗಳಲ್ಲಿ ಒಳ್ಳೆಯ ಬೆಲೆ ಇದ್ದುದರಿಂದ ಅದು ಬೇಗ ಹರಡಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಿ. ಮೊದಲನೆಯದು, ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಕಾದಿಟ್ಟು ಮರುವರ್ಷ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಹೀಗಾಗಿ ಅಂಗಡಿಯಿಂದ ಬೀಜ ಕೊಳ್ಳುವ ರೂಢಿ ಕುಲಾಂತರಿ ಹತ್ತಿಗೆ ಮೂವತ್ತು ವರ್ಷ ಮೊದಲೇ ಬಂದಿತ್ತು. ಎರಡನೆಯದು, ನೀರು ಗೊಬ್ಬರ ಬೇಡುವ, ಹೆಚ್ಚು ಕಾಲ ಹಸಿರಾಗಿರುವ ಈ ಹೈಬ್ರಿಡ್‌ಗಳು ಹುಳುಗಳಿಗೂ ಪ್ರಿಯವಾದವು.

ಕಾಯಿಕೊರಕದ ಕಾಟ

ಹತ್ತಿಯ ಮೊಗ್ಗು ಮತ್ತು ಕಾಯಿಯನ್ನು ಕೊರೆಯುವ ಹುಳುಗಳಲ್ಲಿ ಮೂರು ಮುಖ್ಯ: ಹಸಿರು ಕಾಯಿಕೊರಕ, ಚುಕ್ಕೆ ಕಾಯಿಕೊರಕ ಮತ್ತು ಗುಲಾಬಿ ಕಾಯಿಕೊರಕ. 1980ರ ದಶಕದ ಆರಂಭದಲ್ಲಿ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಬಂದಾಗ ಹುಳುಗಳು ಸುಲಭವಾಗಿ ಸತ್ತವು. ಆದರೆ 1987ರಲ್ಲಿ ಆಂಧ್ರಪ್ರದೇಶದ ಕರಾವಳಿ ಜಿಲ್ಲೆಗಳಲ್ಲಿ ಎಷ್ಟು ಔಷಧಿ ಹೊಡೆದರೂ ಹಸಿರು ಕಾಯಿಕೊರಕ ಸಾಯಲಿಲ್ಲ. ಅದು ನಿರೋಧಕತೆ ಬೆಳೆಸಿಕೊಂಡಿತ್ತು. 1990ರ ದಶಕದಲ್ಲಿ ದೇಶದ ಸಾಗುವಳಿ ಭೂಮಿಯ ಸುಮಾರು ಶೇ. 5ರಷ್ಟನ್ನು ಮಾತ್ರ ಆಕ್ರಮಿಸಿದ್ದ ಹತ್ತಿ, ಕೀಟನಾಶಕಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ನುಂಗುತ್ತಿತ್ತು. ಔಷಧಿಯನ್ನು ಉದ್ರಿ ಕೊಡುವ ಅಂಗಡಿಯವರೇ ಸಾಲ ಕೊಡುವವರೂ ಸಲಹೆಗಾರರೂ ಆಗಿದ್ದರು. 1997-98ರಲ್ಲಿ ವಾರಂಗಲ್ ಜಿಲ್ಲೆಯಲ್ಲಿ ಹುಳುವಿನ ಹಾವಳಿಯಿಂದ ಬೆಳೆ ಹೋಗಿ, ಸಾಲ ತೀರಿಸಲಾಗದೆ ಅನೇಕ ಹತ್ತಿ ಬೆಳೆಗಾರರು ಆತ್ಮಹತ್ಯೆ ಮಾಡಿಕೊಂಡರು. ಆಗಿನ್ನೂ ಬಿಟಿ ಹತ್ತಿ ಮಾರುಕಟ್ಟೆಗೆ ಬಂದಿರಲಿಲ್ಲ ಎಂಬುದನ್ನು ನೆನಪಿಡಬೇಕು. ಬಿಟಿ ಹತ್ತಿ ಬಂದದ್ದು ಹೀಗೆ ನೊಂದ ನೆಲಕ್ಕೆ.

ಬಿಟಿ ಎಂದರೇನು?

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬುದು ಮಣ್ಣಿನಲ್ಲಿ ವಾಸಿಸುವ ಬ್ಯಾಕ್ಟೀರಿಯ. ರೇಷ್ಮೆ ಸಾಕುವ ನಾಡಿನವರಾದ ನಮಗೆ ಕುತೂಹಲದ ಸಂಗತಿಯೆಂದರೆ, ಅದು ಮೊದಲು ಪತ್ತೆಯಾದದ್ದು ರೇಷ್ಮೆಹುಳುವಿನ ರೋಗಕಾರಕವಾಗಿ, 1901ರಲ್ಲಿ, ಜಪಾನಿನಲ್ಲಿ. 1911ರಲ್ಲಿ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಅದನ್ನು ತುರಿಂಜಿಯ ಪ್ರಾಂತದ ಹಿಟ್ಟಿನ ಪತಂಗದ ಮರಿಹುಳುವಿನಲ್ಲಿ ಕಂಡು, ಪ್ರಾಂತದ ಹೆಸರನ್ನೇ ಇಟ್ಟರು. ಈ ಬ್ಯಾಕ್ಟೀರಿಯ ಹರಳಿನ ರೂಪದ ‘ಕ್ರೈ’ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಮರಿಹುಳುವಿನ ಕರುಳಿನ ಕ್ಷಾರೀಯ ರಸದಲ್ಲಿ ಅದು ಕರಗಿ, ಕಿಣ್ವಗಳಿಂದ ಸಕ್ರಿಯಗೊಂಡು, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ರಂಧ್ರ ಕೊರೆಯುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಮನುಷ್ಯರ ಜಠರ ಆಮ್ಲೀಯ; ಆ ಗ್ರಾಹಕಗಳೂ ನಮ್ಮಲ್ಲಿಲ್ಲ.

ಈ ಪ್ರೋಟೀನಿನ ವಂಶವಾಹಿಯನ್ನು ಹತ್ತಿಗೆ ಸೇರಿಸಿದಾಗ ಗಿಡವೇ ಅದನ್ನು ತಯಾರಿಸತೊಡಗುತ್ತದೆ. ಇಂಥ ಹತ್ತಿ 1996ರಲ್ಲಿ ಅಮೆರಿಕದಲ್ಲಿ ಬೇಸಾಯಕ್ಕೆ ಬಂದಿತು. ರೈತರಿಗೆ ಇದರಲ್ಲಿ ಕಂಡ ಅನುಕೂಲ ಸರಳ. ಹೊಸ ಯಂತ್ರ ಬೇಡ, ಹೊಸ ವಿದ್ಯೆ ಬೇಡ. ಪಾಕೀಟು ಒಡೆದು ಎಂದಿನಂತೆ ಬೀಜ ಊರಿದರಾಯಿತು.

ಬೆಂಕಿ ಇಟ್ಟವರು, ಕದ್ದು ಬಿತ್ತಿದವರು

ಮಹಿಕೊ ಮತ್ತು ಮಾನ್ಸಾಂಟೊ ಕಂಪನಿಗಳು 1998ರಲ್ಲಿ ದೇಶದ ಹಲವೆಡೆ ಬಿಟಿ ಹತ್ತಿಯ ಕ್ಷೇತ್ರ ಪ್ರಯೋಗ ಆರಂಭಿಸಿದವು. ಆ ವರ್ಷದ ನವೆಂಬರ್‌ನಲ್ಲಿ ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಹೊಲದ ಮಾಲೀಕರಿಗೇ ಅದು ಯಾವ ಬೆಳೆಯೆಂದು ತಿಳಿಸಿರಲಿಲ್ಲ ಎಂಬುದು ಸಂಘದ ಮುಖ್ಯ ಆಕ್ಷೇಪ. ಅದೇ ವರ್ಷ ಅಮೆರಿಕದಲ್ಲಿ, ಬೀಜ ಮತ್ತೆ ಮೊಳೆಯದಂತೆ ಮಾಡುವ ತಂತ್ರವೊಂದಕ್ಕೆ ಪೇಟೆಂಟ್ ದೊರೆತು, ‘ಟರ್ಮಿನೇಟರ್’ ಎಂಬ ಹೆಸರು ಎಲ್ಲೆಡೆ ಹಬ್ಬಿತ್ತು. ಪ್ರಯೋಗದ ಬಿಟಿ ಹತ್ತಿಯಲ್ಲಿ ಆ ತಂತ್ರ ಇರಲಿಲ್ಲ. ಆದರೂ ಬೀಜದ ಹಿಡಿತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ನಿಜವಾದುದೇ. ತಿಳಿಸದೆ ನಡೆಸಿದ ಪ್ರಯೋಗವೆಂಬ ಭಾವನೆ ಬಂದಾಗ, ಅನುಮಾನ ಬೀಜದ ಗುಣಕ್ಕಿಂತ ವೇಗವಾಗಿ ಹರಡುತ್ತದೆ.

ಮೂರು ವರ್ಷದ ನಂತರ ಗುಜರಾತಿನಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆ ನಡೆಯಿತು. 2001ರಲ್ಲಿ ಅಲ್ಲಿ ಕಾಯಿಕೊರಕದ ಹಾವಳಿ ವಿಪರೀತವಾಗಿತ್ತು. ಸುತ್ತಲಿನ ಹತ್ತಿಯೆಲ್ಲ ಹಾಳಾದಾಗ ‘ನವಭಾರತ್ 151’ ಎಂಬ ತಳಿಯ ಹೊಲಗಳು ಮಾತ್ರ ಕಾಯಿ ತುಂಬಿ ನಿಂತವು. ಪರೀಕ್ಷಿಸಿದಾಗ ಅದರಲ್ಲಿ ಬಿಟಿ ವಂಶವಾಹಿ ಇರುವುದು ತಿಳಿಯಿತು. ಯಾವ ಅನುಮತಿಯೂ ಇಲ್ಲದೆ ಅದು ಸಾವಿರಾರು ಎಕರೆಗೆ ಹರಡಿತ್ತು. ಬೆಳೆಯನ್ನು ಕಿತ್ತು ಸುಡಬೇಕೆಂದು ಕೇಂದ್ರದ ಅನುಮೋದನಾ ಸಮಿತಿ ಆದೇಶಿಸಿತು, ರೈತರು ಒಪ್ಪಲಿಲ್ಲ. ರಾಯಚೂರಿನ ಬೆಂಕಿಯೂ ಗುಜರಾತಿನ ಪ್ರತಿಭಟನೆಯೂ ರೈತರದೇ. ಒಂದೆಡೆ ಬೀಜ ಅವರಿಗೆ ಹೊರಗಿನಿಂದ ಬಂದ ಗುಟ್ಟು. ಇನ್ನೊಂದೆಡೆ ಕಣ್ಣೆದುರು ಕಂಡ ಫಲ.

2002ರ ಮಾರ್ಚ್ 26ರಂದು ಸಮಿತಿ ಮಹಿಕೊ ಕಂಪನಿಯ ಮೂರು ಬಿಟಿ ಹೈಬ್ರಿಡ್‌ಗಳಿಗೆ ಅನುಮತಿ ನೀಡಿತು. ಕರ್ನಾಟಕವೂ ಸೇರಿ ಮಧ್ಯ ಮತ್ತು ದಕ್ಷಿಣ ಭಾರತದ ಆರು ರಾಜ್ಯಗಳಲ್ಲಿ ಬೇಸಾಯ ಆರಂಭವಾಯಿತು.

ಬೆಲೆ, ತಳಿ, ನೆರೆಹೊಲ

ಮೊದಲ ವರ್ಷ ಬಿಟಿ ಹತ್ತಿಯ ವಿಸ್ತೀರ್ಣ ಐವತ್ತು ಸಾವಿರ ಹೆಕ್ಟೇರನ್ನು ಮೀರಲಿಲ್ಲ. 450 ಗ್ರಾಂ ಪಾಕೀಟಿನ ಬೆಲೆ ಸುಮಾರು 1,600 ರೂಪಾಯಿ. ಸಾಮಾನ್ಯ ಹೈಬ್ರಿಡ್‌ನ ಮೂರು ನಾಲ್ಕು ಪಟ್ಟು. ಜೊತೆಗೆ ಆ ವರ್ಷ ಬರಗಾಲ. ಮೊದಲ ಮೂರು ಹೈಬ್ರಿಡ್‌ಗಳು ಎಲ್ಲ ನೆಲಕ್ಕೂ ಒಗ್ಗಲಿಲ್ಲ. ಆಂಧ್ರಪ್ರದೇಶದಲ್ಲಿ 2005ರಲ್ಲಿ ಅವುಗಳ ಅನುಮತಿಯನ್ನು ಮುಂದುವರಿಸಲಿಲ್ಲ. ವಂಶವಾಹಿ ಹುಳುವನ್ನು ತಡೆಯಬಲ್ಲದೇ ಹೊರತು ಬರವನ್ನಾಗಲಿ ನೆಲಕ್ಕೆ ಒಗ್ಗದ ತಳಿಯ ದೋಷವನ್ನಾಗಲಿ ತಿದ್ದಲಾರದು.

ಮುಂದೆ ಬೇರೆ ಕಂಪನಿಗಳ ತಳಿಗಳಲ್ಲೂ ಬಿಟಿ ಬಂದಿತು. ಆಂಧ್ರ ಸರ್ಕಾರ ಬೆಲೆಯ ವಿರುದ್ಧ ಕಾನೂನು ಹೋರಾಟಕ್ಕಿಳಿದ ಮೇಲೆ 2006ರಲ್ಲಿ ಪಾಕೀಟು 750 ರೂಪಾಯಿಯ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಎರಡು ವಂಶವಾಹಿಗಳುಳ್ಳ ಬೋಲ್‌ಗಾರ್ಡ್-2 ಬಂದಿತು. ಇಲ್ಲಿಂದ ‘ಎಸ್’ ರೇಖೆ ಕಡಿದಾಗಿ ಏರಿತು. ಹತ್ತು ವರ್ಷ ಕಳೆಯುವುದರೊಳಗೆ ದೇಶದ ಹತ್ತಿ ಭೂಮಿಯ ಶೇ. 90ಕ್ಕಿಂತ ಹೆಚ್ಚು ಭಾಗ ಬಿಟಿ ಹತ್ತಿಗೆ ಸೇರಿತ್ತು.

ಲಾಭವಾಯಿತೇ? ಹೆಕ್ಟೇರಿಗೆ ಅರಳೆಯ ರಾಷ್ಟ್ರೀಯ ಸರಾಸರಿ 2002-03ರಲ್ಲಿ ಸುಮಾರು 300 ಕಿಲೋಗ್ರಾಂ ಇದ್ದುದು 2007-08ರಲ್ಲಿ ಸುಮಾರು 550ಕ್ಕೆ ಏರಿತು. ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳ ರೈತರನ್ನು 2002ರಿಂದ 2008ರವರೆಗೆ ಅಭ್ಯಸಿಸಿದ ಕಥಾಗೆ ಮತ್ತು ಕೈಮ್, ಬಿಟಿಯಿಂದ ಎಕರೆವಾರು ಇಳುವರಿ ಶೇ. 24ರಷ್ಟೂ ಲಾಭ ಶೇ. 50ರಷ್ಟೂ ಹೆಚ್ಚಿತೆಂದು 2012ರಲ್ಲಿ ವರದಿ ಮಾಡಿದರು. ಇಳುವರಿ ಏರಿಕೆಯಲ್ಲಿ ಗೊಬ್ಬರ, ನೀರಾವರಿ, ಹೊಸ ಕೀಟನಾಶಕಗಳ ಪಾಲೇ ಹೆಚ್ಚು; ಬಿಟಿಯ ಪ್ರಯೋಜನ ತಾತ್ಕಾಲಿಕ ಎಂದು ಕೇಶವ್ ಕ್ರಾಂತಿ ಮತ್ತು ಗ್ಲೆನ್ ಸ್ಟೋನ್ 2020ರಲ್ಲಿ ವಾದಿಸಿದರು. ವಿದ್ಯಾರ್ಥಿಗಳು ಇಲ್ಲಿ ಒಂದನ್ನು ಗಮನಿಸಬೇಕು: ಎರಡು ಸಂಗತಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದಾಗದು. ಆದರೆ ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕಾಗಿ ಔಷಧಿ ಹೊಡೆಯುವುದು ಕಡಿಮೆಯಾಯಿತು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ರೈತರು ಕಂಡದ್ದೂ ಅದನ್ನೇ.

ಇದೇ ಸ್ಟೋನ್ ಅವರು ವಾರಂಗಲ್‌ನ ಹಳ್ಳಿಗಳಲ್ಲಿ ಇನ್ನೊಂದು ಅಂಶವನ್ನು ಗುರುತಿಸಿ 2007ರಲ್ಲಿ ಪ್ರಕಟಿಸಿದರು. ಒಂದು ವರ್ಷ ಊರೆಲ್ಲ ಒಂದು ಹೆಸರಿನ ಬೀಜಕ್ಕೆ ಮುಗಿಬೀಳುತ್ತದೆ, ಮರುವರ್ಷ ಇನ್ನೊಂದಕ್ಕೆ. ಹೊಲದಲ್ಲಿ ಹೋಲಿಸಿ ನೋಡಿದವರು ಮಾತ್ರ ಕಡಿಮೆ. ಇದು ರೈತರ ದಡ್ಡತನವಲ್ಲ. ಮುಂದೆ ಬಿಟಿ ಹೈಬ್ರಿಡ್‌ಗಳ ಸಂಖ್ಯೆ ಸಾವಿರವನ್ನು ದಾಟಿತು. ಅಂಗಡಿಯಲ್ಲಿ ಹೆಸರುಗಳು ವರ್ಷವರ್ಷವೂ ಬದಲಾಗುವಾಗ, ಹೋದ ವರ್ಷ ಕಲಿತ ಪಾಠ ಈ ವರ್ಷ ಉಪಯೋಗಕ್ಕೆ ಬರುವುದಿಲ್ಲ. ಅಯೋವಾದ ರೈತರಂತೆ ಮಾಡಿ ನೋಡಿ ಕಲಿಯುವ ಅವಕಾಶವೇ ಇಲ್ಲಿ ಕುಗ್ಗಿತು. ಆಗ ಉಳಿಯುವುದು ಪಕ್ಕದವರನ್ನು ನೋಡಿ ಬಿತ್ತುವುದು ಮಾತ್ರ.

ಕಣ್ಣಿಗೆ ಕಾಣದ ಬದಲಾವಣೆ

ಬಿಟಿ ಹತ್ತಿಗೆ ಅನುಮತಿ ನೀಡುವಾಗ ಒಂದು ಷರತ್ತು ಇತ್ತು. ಹೊಲದ ಸುತ್ತ ಶೇ. 20ರಷ್ಟು ಜಾಗದಲ್ಲಿ, ಅಥವಾ ಐದು ಸಾಲುಗಳಲ್ಲಿ, ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿ ಅಲ್ಲದ ಹತ್ತಿಯನ್ನು ಬೆಳೆಯಬೇಕು. ಇದನ್ನು ಆಶ್ರಯ ಬೆಳೆ ಎನ್ನುತ್ತಾರೆ. ಏಕೆ? ಲಕ್ಷಾಂತರ ಹುಳುಗಳಲ್ಲಿ ಕೆಲವಕ್ಕೆ ಬಿಟಿ ವಿಷವನ್ನು ತಾಳಿಕೊಳ್ಳುವ ವಂಶವಾಹಿ ಇರುತ್ತದೆ. ಸಾಮಾನ್ಯವಾಗಿ ಅದು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವ ಗುಣ. ಬಿಟಿ ಹೊಲದಲ್ಲಿ ಬದುಕುಳಿದ ಅಪರೂಪದ ಪತಂಗ, ಆಶ್ರಯ ಬೆಳೆಯಲ್ಲಿ ಬೆಳೆದ ಸಾಮಾನ್ಯ ಪತಂಗದೊಡನೆ ಕೂಡಿದರೆ ಮರಿಗಳು ಬಿಟಿಗೆ ಸಾಯುತ್ತವೆ. ಆಶ್ರಯ ಬೆಳೆ ಇಲ್ಲದಿದ್ದರೆ ಉಳಿದವು ಉಳಿದವುಗಳೊಡನೆಯೇ ಕೂಡಿ, ಸಾಯದ ಸಂತತಿ ಬೆಳೆಯುತ್ತದೆ.

ಬೀಜದ ಪಾಕೀಟಿನೊಡನೆ 120 ಗ್ರಾಂ ಬಿಟಿ ಅಲ್ಲದ ಬೀಜವನ್ನೂ ಕೊಡುತ್ತಿದ್ದರು. ಹೆಚ್ಚಿನವರು ಅದನ್ನು ಬಿತ್ತಲಿಲ್ಲ. ಎರಡೆಕರೆ ಹೊಲದವರ ಸ್ಥಾನದಲ್ಲಿ ನಿಂತು ಯೋಚಿಸಿ. ಹುಳುವಿಗೆಂದೇ ಐದನೆಯ ಒಂದು ಪಾಲು ಬಿಟ್ಟರೆ ನಷ್ಟ ಈ ವರ್ಷ, ತಮಗೆ. ಲಾಭ ಹತ್ತು ವರ್ಷದ ಮೇಲೆ, ಎಲ್ಲರಿಗೂ. ಪಕ್ಕದವರು ಬಿತ್ತದಿದ್ದರೆ ತಾವು ಬಿತ್ತಿಯೂ ಪ್ರಯೋಜನವಿಲ್ಲ. ಒಬ್ಬೊಬ್ಬರ ಲೆಕ್ಕವೂ ಸರಿ. ಒಟ್ಟು ಫಲ ಮಾತ್ರ ತಪ್ಪು.

ನಮ್ಮ ದೇಶದ ಬಿಟಿ ಹತ್ತಿ ಬಹುಪಾಲು ಹೈಬ್ರಿಡ್ ಆಗಿದ್ದುದೂ ಸಮಸ್ಯೆಯನ್ನು ಹೆಚ್ಚಿಸಿತು. ಹೈಬ್ರಿಡ್ ಗಿಡದಲ್ಲಿ ಬಿಟಿ ವಂಶವಾಹಿಯ ಒಂದೇ ಪ್ರತಿ ಇದ್ದರೆ, ಕಾಯಿಯೊಳಗಿನ ಬೀಜಗಳಲ್ಲಿ ಅದು ಮೆಂಡೆಲ್ ನಿಯಮದಂತೆ 3:1ರಲ್ಲಿ ಹಂಚಿಹೋಗುತ್ತದೆ. ನಾಲ್ಕರಲ್ಲಿ ಒಂದು ಬೀಜದಲ್ಲಿ ವಿಷವಿಲ್ಲ. ಕಾಯಿಯೊಳಗೇ ಇದ್ದು ಬೀಜ ತಿನ್ನುವ ಗುಲಾಬಿ ಕಾಯಿಕೊರಕಕ್ಕೆ ಇದು ನಿರೋಧಕತೆಯ ತರಬೇತಿ ಶಾಲೆಯಾಯಿತು. ಬೇಸಿಗೆಯವರೆಗೂ ಹೊಲದಲ್ಲಿ ಉಳಿಯುವ ದೀರ್ಘಾವಧಿ ಬೆಳೆ ಅದಕ್ಕೆ ಎಡೆಬಿಡದೆ ಆಹಾರ ಒದಗಿಸಿತು.

ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಮಣಿಯುತ್ತಿಲ್ಲವೆಂದು 2010ರಲ್ಲಿ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಬೋಲ್‌ಗಾರ್ಡ್-2 ಕೂಡ ಸೋತಿತು. 2017ರ ಹೊತ್ತಿಗೆ ಮಧ್ಯ ಮತ್ತು ದಕ್ಷಿಣ ಭಾರತದ ಹತ್ತಿ ಪ್ರದೇಶಗಳಲ್ಲಿ ಹುಳು ವ್ಯಾಪಕವಾಗಿತ್ತು. ರೈತರು ಮತ್ತೆ ಔಷಧಿಯ ಕ್ಯಾನು ಹೆಗಲಿಗೇರಿಸಿದರು. ಆ ವರ್ಷ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಸಿಂಪರಣೆಯ ವಿಷವೇರಿ 20ಕ್ಕೂ ಹೆಚ್ಚು ಮಂದಿ ಸತ್ತರು.

ಬೇರೆ ಕೆಲವು ದೇಶಗಳಲ್ಲಿ ಹೀಗಾಗಲಿಲ್ಲ. ಅಮೆರಿಕದಲ್ಲಿ ಆಶ್ರಯ ಬೆಳೆ, ಬಿಟಿ, ಬಂಜೆ ಪತಂಗಗಳ ಬಿಡುಗಡೆ ಎಲ್ಲವನ್ನೂ ಸೇರಿಸಿ 2018ರಲ್ಲಿ ಈ ಹುಳುವನ್ನು ಹತ್ತಿ ಪ್ರದೇಶಗಳಿಂದ ನಿರ್ಮೂಲ ಮಾಡಿದ್ದಾಗಿ ಘೋಷಿಸಿದರು. ಚೀನಾದ ಯಾಂಗ್ತ್ಸೆ ಕಣಿವೆಯಲ್ಲಿ ರೈತರು ಅಗ್ಗವೆಂದು ಹೈಬ್ರಿಡ್‌ನ ಎರಡನೆಯ ತಲೆಮಾರಿನ ಬೀಜ ಬಿತ್ತಿದರು. ಅದರಲ್ಲಿ ನಾಲ್ಕರಲ್ಲಿ ಒಂದು ಗಿಡ ಪೂರ್ತಿ ಬಿಟಿರಹಿತವಾಗಿದ್ದು, ತಾನಾಗಿಯೇ ಆಶ್ರಯ ಬೆಳೆಯಾಯಿತು.

ಬಿಟ್ಟವರು ಏಕೆ ಬಿಟ್ಟರು?

ಬಿಟಿ ಬದನೆಯ ಕಥೆ ಬೇರೆ. 2009ರ ಅಕ್ಟೋಬರ್‌ನಲ್ಲಿ ಸಮಿತಿ ಅದಕ್ಕೆ ಒಪ್ಪಿಗೆ ನೀಡಿತು. ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದ ನಂತರ, 2010ರ ಫೆಬ್ರವರಿ 9ರಂದು ಸಚಿವ ಜೈರಾಮ್ ರಮೇಶ್ ಅದನ್ನು ತಡೆಹಿಡಿದರು. ಧಾರವಾಡ ಕೃಷಿ ವಿಶ್ವವಿದ್ಯಾನಿಲಯ ಬಿಟಿಗೆ ಆರಿಸಿದ ತಳಿಗಳಲ್ಲಿ ಉಡುಪಿಯ ಸ್ಥಳೀಯ ಬದನೆಯೂ ಇತ್ತು. ಉಡುಪಿಯ ಬಳಿಯ ಮಟ್ಟುವಿನ ಗುಳ್ಳಕ್ಕೆ ರುಚಿ, ಹೆಸರು, ವಾದಿರಾಜರ ನಂಟು ಎಲ್ಲವೂ ಇವೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವೂ ದೊರೆಯಿತು. ಇಂಥ ಬೆಳೆಗೆ ಬೆಲೆ ಬರುವುದು ಅದು ಬದಲಾಗದೆ ಉಳಿದಿರುವುದರಿಂದ. ಅಲ್ಲಿ ಬೇಡವೆನ್ನುವುದೂ ಲೆಕ್ಕಾಚಾರವೇ. ಬಾಂಗ್ಲಾದೇಶದಲ್ಲಿ 2014ರಲ್ಲಿ 20 ರೈತರಿಂದ ಆರಂಭವಾದ ಬಿಟಿ ಬದನೆ ಅನಂತರ ಸಾವಿರಾರು ಮಂದಿಗೆ ಹರಡಿತು. ಅಲ್ಲಿ ಬೀಜ ಸರ್ಕಾರಿ ಸಂಸ್ಥೆಯದು, ಕಾದಿಟ್ಟು ಬಿತ್ತಬಹುದಾದದ್ದು.

ಹತ್ತಿಯಲ್ಲಿಯೂ ಅಂಥ ಬೀಜಕ್ಕೆ ಪ್ರಯತ್ನ ನಡೆದಿತ್ತು. ಧಾರವಾಡ ವಿಶ್ವವಿದ್ಯಾನಿಲಯವೂ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಸೇರಿ ‘ಬಿಕಾನೇರಿ ನರ್ಮ ಬಿಟಿ’ಯನ್ನು 2009ರಲ್ಲಿ ರೈತರಿಗೆ ನೀಡಿದವು. ಅದರಲ್ಲಿ ಮಾನ್ಸಾಂಟೊದ ವಂಶವಾಹಿ ಬೆರೆತಿದ್ದುದು ಗೊತ್ತಾಗಿ ಬೀಜವನ್ನು ಹಿಂತೆಗೆದುಕೊಳ್ಳಲಾಯಿತು. ಮರುಬಿತ್ತನೆಯ ಬಿಟಿ ಬೀಜ ಬೇಕಿದ್ದವರಿಗೆ ಆಯ್ಕೆಯೇ ಇಲ್ಲವಾಯಿತು.

ಈಚಿನ ಉದಾಹರಣೆ ಕಳೆನಾಶಕ ತಾಳಿಕೊಳ್ಳುವ ಹತ್ತಿ. ಇದಕ್ಕೆ ಅನುಮತಿ ಇಲ್ಲದಿದ್ದರೂ 2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ಶೇತಕರಿ ಸಂಘಟನೆಯವರು ಬಹಿರಂಗವಾಗಿ ಬಿತ್ತಿದರು. ಆಗಿನ ಕಾನೂನಿನಂತೆ ಇದಕ್ಕೆ ಐದು ವರ್ಷದವರೆಗೆ ಸೆರೆ ಇತ್ತು. ಅವರ ವಾದ ಸ್ಪಷ್ಟ: ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕಟ್ಟುವುದಿಲ್ಲ. ಆದರೆ ಕಳೆ ತೆಗೆಯುವ ಆ ಕೂಲಿ ಬಹುಪಾಲು ಹೆಂಗಸರ ದುಡಿಮೆ. ಹೊಲದ ಒಡೆಯರಿಗೆ ಖರ್ಚು ಎನಿಸಿದ್ದು ಅವರಿಗೆ ಗಳಿಕೆ.

ಕೊನೆಯ ಮಾತು

ಈ ಇತಿಹಾಸದಿಂದ ಏನು ತಿಳಿಯುತ್ತದೆ? ರೈತರು ಬೀಜವನ್ನು ಆರಿಸುವುದು ಅದು ಕುಲಾಂತರಿಯೋ ಅಲ್ಲವೋ ಎಂದು ನೋಡಿ ಅಲ್ಲ. ಸದ್ಯದ ತೊಂದರೆ ತೀರುತ್ತದೆಯೇ, ಬೆಲೆ ಎಷ್ಟು, ನಂಬಬಹುದಾದವರು ಯಾರು ಎಂದು ನೋಡಿ. ಎಲ್ಲರೂ ಬಿತ್ತಿದರು ಎಂಬುದು ಬೀಜ ನಿರಪಾಯಕಾರಿ ಎಂಬುದಕ್ಕೆ ಸಾಕ್ಷಿಯಲ್ಲ. ಬಿಟ್ಟರು ಎಂಬುದು ಅಜ್ಞಾನಕ್ಕೂ ಸಾಕ್ಷಿಯಲ್ಲ. ಒಬ್ಬರ ಹೊಲ, ಒಂದು ಹಂಗಾಮಿನೊಳಗೆ ಕಾಣುವುದನ್ನು ರೈತರು ಚೆನ್ನಾಗಿ ಅಳೆಯಬಲ್ಲರು. ಹುಳುವಿನ ವಂಶವಾಹಿಯಲ್ಲಿ ವರ್ಷಗಳ ಕಾಲ, ಊರೂರುಗಳಾಚೆ ನಡೆಯುವ ಬದಲಾವಣೆಯನ್ನು ಯಾವ ಒಬ್ಬ ರೈತರೂ ಅಳೆಯಲಾರರು. ಆ ಕೆಲಸ ಸಾರ್ವಜನಿಕ ವಿಜ್ಞಾನದ್ದು, ವಿಸ್ತರಣಾ ಸೇವೆಯದು, ನಿಯಂತ್ರಣ ಸಂಸ್ಥೆಗಳದು. ಬಿಟಿ ಹತ್ತಿಯಲ್ಲಿ ಅದು ಸಮಯಕ್ಕೆ ನಡೆಯಲಿಲ್ಲ. ಬೇಗ ಕಟಾವು ಮಾಡಿ ಕಟ್ಟಿಗೆ ನಾಶಪಡಿಸುವುದು, ಮೋಹಕ ಬಲೆ ಕಟ್ಟುವುದು, ಅಲ್ಪಾವಧಿ ತಳಿ ಬಿತ್ತುವುದು ಇವೆಲ್ಲ ಊರೇ ಒಟ್ಟಾಗಿ ಮಾಡಿದರೆ ಮಾತ್ರ ಫಲ ಕೊಡುವ ಕೆಲಸಗಳು.

ಹತ್ತಿ ಬೆಳೆಯುವ ಊರಿನ ಶಾಲೆಯ ಶಿಕ್ಷಕರು ವಿದ್ಯಾರ್ಥಿಗಳಿಂದ ಒಂದು ಸಮೀಕ್ಷೆ ಮಾಡಿಸಬಹುದು. ಮೊದಲು ಬಿಟಿ ಬಿತ್ತಿದ್ದು ಯಾವ ವರ್ಷ, ಯಾರು ಹೇಳಿದ್ದರಿಂದ, ಮೊದಲ ವರ್ಷ ಎಷ್ಟು ಎಕರೆ, ಆಗ ಎಷ್ಟು ಸಲ ಔಷಧಿ ಹೊಡೆದಿರಿ, ಈಗ ಎಷ್ಟು ಸಲ ಎಂದು ಮೂವತ್ತು ಮನೆಗಳಲ್ಲಿ ಕೇಳಿ ನಕ್ಷೆ ಬರೆಯಲಿ. ಅಯೋವಾದ ‘ಎಸ್’ ರೇಖೆ ನಿಮ್ಮ ಊರಿನಲ್ಲೂ ಕಾಣಿಸುತ್ತದೆಯೇ ನೋಡಿ. 120 ಗ್ರಾಂ ಬೀಜದ ಆ ಚಿಕ್ಕ ಪಾಕೀಟು ಏನಾಯಿತೆಂದು ಕೇಳುವುದನ್ನು ಮಾತ್ರ ಮರೆಯಬೇಡಿ.